ಎರಡು ಲ್ಯಾಬಿಗೆ ಹಂಚಿದ ಅಪೆಂಡಿಕ್ಸ್

ಲಕ್ಷ್ಮೇಶ್ವರದಲ್ಲಿ ನಾನು ಬರಿಗೈಯಿಂದ ಶೇಂಗಾ ವ್ಯಾಪಾರ ಕಟ್ಟಿದ್ದು ಒಂದೇ ಬುದ್ಧಿಯಿಂದ: ಒಂದೇ ಚೀಲದ ನಮೂನೆಯನ್ನು ಎರಡು ದಲಾಲಿ ಅಂಗಡಿಗೆ ಕಳಿಸಬೇಕು, ಒಬ್ಬನ ಮಾತು ನಂಬಬಾರದು. ಹೆಂಡತಿಯ ಅಪೆಂಡಿಕ್ಸಿಗೂ ಅದನ್ನೇ ಮಾಡಿದೆ. ನೀವು ಮಾಡಬೇಡಿ.

ಗದುಗಿನಲ್ಲಿ ಆಪರೇಷನ್ ಮುಗಿದ ಮೇಲೆ ಕಿರುಬೆರಳಿನಷ್ಟು ತುಂಡನ್ನು ಔಷಧದ ನೀರಿನ ಬಾಟಲಿಯಲ್ಲಿ ಹಾಕಿ, ಲ್ಯಾಬಿಗೆ ಮುಟ್ಟಿಸಿರೆಂದು ನನ್ನ ಕೈಗೇ ಕೊಟ್ಟರು. ನಾನು ಹೊಸ ಬ್ಲೇಡು, ಇನ್ನೊಂದು ಬಾಟಲಿ ಕೊಂಡು, ಲಾಡ್ಜಿನಲ್ಲಿ ಕೂತು ಅದನ್ನು ಅರ್ಧ ಮಾಡಿದೆ. ತುದಿ ಗದುಗಿನ ಲ್ಯಾಬಿಗೆ, ಬುಡ ಹುಬ್ಬಳ್ಳಿಯ ಲ್ಯಾಬಿಗೆ. ಎರಡೂ ಕಡೆ ಇದೇ ಪೂರ್ತಿ ಮಾಲು ಎಂಬಂತೆ ಮುಖ ಮಾಡಿ ಕೊಟ್ಟೆ.

ಹುಬ್ಬಳ್ಳಿಯವರು ಬರೀ ಬಾವು ಎಂದರು. ಗದುಗಿನವರು ನ್ಯೂರೋಎಂಡೋಕ್ರೈನ್ ಗಡ್ಡೆ ಎಂದರು. ಹಾರ್ಮೋನು ತಯಾರಿಸುವ ಕೋಶಗಳಲ್ಲಿ ಹುಟ್ಟುವಂಥದ್ದಂತೆ. ಹುಬ್ಬಳ್ಳಿಯ ಕಾಗದ ಹಿಡಿದು ಗದುಗಿನ ಲ್ಯಾಬಿಗೆ ಚೌಕಾಶಿಗೆ ಹೋದೆ. ಅಲ್ಲಿಯ ಲೇಡಿ ಡಾಕ್ಟರು, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, ಎರಡೂ ವರದಿಯ ಅಳತೆ ನೋಡಿ ಕನ್ನಡಕ ತೆಗೆದರು.

"ಇದನ್ನ ನಡುವ ಕೊಯ್ದವರು ಯಾರ್ರಿ?"

"ನಾನರಿ ಬಾಯಾರ. ಬ್ಲೇಡ್ ಹೊಸಾದಿತ್ರಿ."

"ನಿಮ್ಮ ಬ್ಲೇಡು ಗಡ್ಡಿ ಅಂಚಿಗೇ ಹಾದೈತಿ. ಬುಡದಾಗ ಇನ್ನೂ ಐತೋ ಇಲ್ಲೋ ನನಗ ಗೊತ್ತಾಗಬೇಕು. ಅಲ್ಲೂ ಗಡ್ಡಿ ಇದ್ದರ, ಬಲಗಡೆಯ ದೊಡ್ಡ ಕರುಳು ತೆಗೀಬೇಕಾಗ್ತೈತಿ."

ಹುಬ್ಬಳ್ಳಿಗೆ ಓಡಿದೆ. ಬುಡದ ತುಂಡನ್ನು ಅವರು ಮೇಣದಲ್ಲಿ ಕೂರಿಸಿ ಇಟ್ಟಿದ್ದರು. ಆ ಮೇಣದ ಬಿಲ್ಲೆಯನ್ನೇ ತಂದುಕೊಟ್ಟೆ. ಬಾಯಾರು ಅದರಿಂದ ಇನ್ನಷ್ಟು ತೆಳುಪದರ ಕೊಯ್ದು, ಗಡ್ಡೆಯ ಕೋಶಗಳನ್ನು ಮಾತ್ರ ಕಂದು ಮಾಡುವ ವಿಶೇಷ ಬಣ್ಣ ಹಾಕಲು ನಾಲ್ಕು ದಿನ ಕೇಳಿದರು. ಎರಡು ದಿನಕ್ಕೆ ಇಳಿಸಿರೆಂದೆ. ಇಳಿಸಲಿಲ್ಲ. ಅಷ್ಟೂ ದಿನ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಮಲಗಿದ ಹೆಂಡತಿ ಒಂದೇ ಮಾತು ಕೇಳಿದಳು: "ನನ್ನ ಕರುಳು ಏನ್ ಶೇಂಗಾ ಅಂತ ತಿಳದೀರೇನ್ರಿ?"

ಐದನೇ ದಿನ ಬಾಯಾರು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ತುದಿಯ ಕೋಶಗಳೆಲ್ಲ ಒಂದೇ ಗಾತ್ರ, ಒಂದೇ ಕಂದು, ಗುಂಪುಗುಂಪಾಗಿ ಕೂತಿದ್ದವು. ಜರಡಿ ಹಿಡಿದ ಮಾಲೂ ಅಷ್ಟು ಸಮ ಇರುವುದಿಲ್ಲ. ಬುಡದಲ್ಲಿ ಒಂದೂ ಕಂದು ಚುಕ್ಕೆಯಿಲ್ಲ. ಗಡ್ಡೆ ಒಂದು ಸೆಂಟಿಮೀಟರಿಗೂ ಸಣ್ಣದು, ಕೋಶಗಳು ಒಡೆದು ಬೆಳೆಯುವ ವೇಗವೂ ಕಡಿಮೆ. ಇನ್ನೊಂದು ಆಪರೇಷನ್ ಬೇಡ ಎಂದರು.

ಎರಡನೇ ಅಭಿಪ್ರಾಯ ಖಂಡಿತ ಕೇಳಿ. ಆದರೆ ತುಂಡು ಇಡಿಯಾಗಿ ಒಂದೇ ಕಡೆ ಹೋಗಲಿ. ಆಮೇಲೆ ಗಾಜಿನ ಸ್ಲೈಡು, ಮೇಣದ ಬಿಲ್ಲೆ ಒಯ್ದು ಬೇರೆಯವರಿಗೆ ತೋರಿಸಿ.

ವರದಿಯ ಕೊನೆಗೆ ಬಾಯಾರು ಒಂದು ಸಾಲು ಸೇರಿಸಿದ್ದರು: ತುಂಡನ್ನು ಲ್ಯಾಬಿಗೆ ತರುವ ಮೊದಲೇ ರೋಗಿಯ ಪತಿ ಕತ್ತರಿಸಿದ್ದಾರೆ. ಶಿಗ್ಲಿಯಿಂದ ಹೆಂಡತಿಯ ತಂಗಿ ನೋಡಲು ಬಂದಾಗ, ಇವಳು ಹಾಸಿಗೆಯಿಂದ ತಾನೇ ಎದ್ದು ಹೋಗಿ ಆ ಕಾಗದ ತಂದಳು. ತಂಗಿಯಿಂದ ಆ ಸಾಲನ್ನು ಎರಡು ಸಲ ಓದಿಸಿದಳು.