ಮುತ್ತುಗದ ಗುಡ್ಡಕ್ಕೆ ಮಾವನ ಜೊತೆ

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯದೊಳಗೆ ಸೇರಿಹೋದ ಮೇಲೆ ನನ್ನ ಮಾವ ಕಚೇರಿ ಕೆಲಸದಿಂದ ನಿವೃತ್ತರಾಗಿದ್ದರು. ಅವರ ಬಳಿ ಪುಣೆಯಿಂದ ತಂದ ಬಾಕ್ಸ್ ಕ್ಯಾಮೆರಾ ಒಂದಿತ್ತು. ಪ್ರತಿ ವರ್ಷ ಹೋಳಿ ಹುಣ್ಣಿವೆಯ ಹೊತ್ತಿಗೆ ಬೀಳಗಿ ಕಡೆಯ ಗುಡ್ಡಕ್ಕೆ ಹೋಗಿ ಹೂಬಿಟ್ಟ ಮುತ್ತುಗದ ಗಿಡಗಳ ಫೋಟೋ ತೆಗೆಯುತ್ತಿದ್ದರಂತೆ. ನಾನು ಸೊಸೆಯಾಗಿ ಬಂದ ವರ್ಷ ಅವರ ಕಣ್ಣಿಗೆ ಪೊರೆ ಬಂದಿತ್ತು. ಕ್ಯಾಮೆರಾ ಕಪಾಟಿನಲ್ಲೇ ಉಳಿದಿತ್ತು.

ಒಂದು ದಿನ ನಾನು ಅದರ ಧೂಳು ಒರೆಸುತ್ತಿದ್ದಾಗ ಕೇಳಿದರು: "ನೀ ತಗೀತೀಯೇನವಾ? ನಾ ಹೇಳಿಕೊಡ್ತೀನಿ."

ಅತ್ತೆ ಒಳಗಿನಿಂದಲೇ ಗೊಣಗಿದರು: "ಸೊಸೀನ ಗುಡ್ಡಕ್ಕ ಕರಕೊಂಡು ಹೊಂಟ್ರ ಮಂದಿ ಏನಂದಾರು?" ಆದರೂ ಮರುದಿನ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಟ್ಟವರು ಅವರೇ.

ಬೆಳಗಿನ ಬಸ್ಸಿನಿಂದಿಳಿದು ಗುಡ್ಡದ ಬುಡಕ್ಕೆ ನಡೆದೆವು. ಎಲೆಯೇ ಇಲ್ಲದ ಗಿಡಗಳ ತುಂಬ ಕೆಂಡದಂಥ ಹೂ. ಮಾವ ಒಂದು ಕಲ್ಲಿನ ಮೇಲೆ ಕುಳಿತರು.

"ಬಿಸಲು ಬೆನ್ನಿಗೆ ಬಡಿಯಾಕತ್ತೈತೇನು?"

"ಹೂಂರಿ."

"ಹಂಗಾರ ಉಸಿರು ಹಿಡಿದು ಒತ್ತು."

ಹಾಗೆಯೇ ಎರಡು ಚಿತ್ರ ತೆಗೆದೆ. ಸುತ್ತು ಹಾಕಿ ಗಿಡದ ಆಚೆಗೆ ಹೋದಾಗ ಅಲ್ಲೇ ನಿಂತುಬಿಟ್ಟೆ. ಬಿಸಿಲು ಹೂವಿನೊಳಗಿಂದ ಹಾದು ಬರುತ್ತಿತ್ತು. ಒಂದೊಂದು ಎಸಳೂ ಹೊತ್ತಿಸಿದ ದೀಪದಂತಿತ್ತು.

"ಮಾವಾರ, ಬಿಸಲಿಗೆ ಎದುರಾಗಿ ತಗೀಲೇನ್ರಿ?"

"ಹಾಳಾಕ್ಕೈತಿ. ಬಿಸಲು ಕ್ಯಾಮೆರಾದ ಕಾಚಿಗೆ ಹೊಡೀತೈತಿ."

ಆದರೂ ನಾನು ಅಲ್ಲಿಂದ ಕಾಲು ಕೀಳಲಿಲ್ಲ. ನನ್ನ ಹೆಜ್ಜೆ ಸಪ್ಪಳ ಕೇಳದಿದ್ದಾಗ ಅವರೇ ಕೇಳಿದರು: "ಅಷ್ಟ್ ಛಲೋ ಕಾಣತೈತೇನು?"

"ಭಾಳ ಛಲೋ ಐತ್ರಿ."

ಮಾವ ಎದ್ದರು. ನನ್ನ ದನಿಯ ಜಾಡು ಹಿಡಿದು ಬಂದು ಛತ್ರಿ ಬಿಚ್ಚಿದರು. "ನಾ ಕಾಚಿಗೆ ನೆರಳು ಹಿಡೀತೀನಿ. ಎಲ್ಲಿ ಹಿಡೀಲಿ ಹೇಳು."

"ಇನ್ನಷ್ಟು ಮ್ಯಾಲ... ಅಲ್ಲೇ ಇರಲ್ರಿ."

ನಗು ಬರುತ್ತಿತ್ತು. ಉಸಿರು ಹಿಡಿದು ಒತ್ತಿದೆ.

ಬೆಳಗಾವಿಗೆ ಹೋಗುವವರ ಕೈಯಲ್ಲಿ ರೋಲು ಕಳಿಸಿದೆವು. ಯುಗಾದಿಯ ನಂತರ ಕಪ್ಪು-ಬಿಳುಪು ಫೋಟೋಗಳು ಬಂದವು. ಬೆನ್ನಿಗೆ ಬಿಸಿಲಿಟ್ಟು ತೆಗೆದವುಗಳಲ್ಲಿ ಕೆಂಪು ಹೂವೆಲ್ಲ ಬರೀ ಕಪ್ಪು ಗುಂಪು. ಬಿಸಿಲಿಗೆ ಎದುರಾಗಿ ತೆಗೆದದ್ದರಲ್ಲಿ ಪ್ರತಿ ಎಸಳಿನ ಅಂಚಿಗೂ ಬೆಳ್ಳಿಯ ಗೆರೆ. ಮಾವ ಅದನ್ನು ಅಂಗಳಕ್ಕೆ ಒಯ್ದು ಕಣ್ಣಿನ ಹತ್ತಿರ ಹಿಡಿದರು.

"ಮ್ಯಾಲ ಮೂಲ್ಯಾಗ ಇದೇನು, ಗುಡ್ಡ ಏನು?"

"ಅಲ್ರಿ, ನಿಮ್ಮ ಛತ್ರಿ!"

ಅವರು ಕೆಮ್ಮು ಬರುವಷ್ಟು ನಕ್ಕರು. ಅವತ್ತಿನಿಂದ ಮನೆಗೆ ಬಂದವರಿಗೆಲ್ಲ ಆ ಫೋಟೋ ತೋರಿಸಿ, "ನಮ್ಮ ಸೊಸಿ ತಗದಿದ್ದು" ಎನ್ನುತ್ತಿದ್ದರು.

ಮುಂದಿನ ವಸಂತಕ್ಕೆ ಕ್ಯಾಮೆರಾ ಹಿಡಿದು ರಬಕವಿಯ ಹೊಳೆದಂಡೆಗೆ ಹೋದಾಗ ಅತ್ತೆಯೂ ಬಂದರು. ನೇಕಾರರು ಹರವಿದ ಬಣ್ಣದ ನೂಲು ದಂಡೆಯುದ್ದಕ್ಕೂ ಬಿಸಿಲಿಗೆ ಒಣಗುತ್ತಿತ್ತು. ಅತ್ತೆ ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಯಾವ ಬಣ್ಣದ ಪಕ್ಕ ಯಾವುದಿದೆ ಎಂದು ಮಾವನಿಗೆ ಒಂದೊಂದಾಗಿ ಹೇಳುತ್ತಿದ್ದರು.