ಗೋಡೆಗೆ ಬಂದ ಅತ್ತೆ

ದೆವ್ವ ಮತ್ತು ಮಾಡರ್ನ್ ಆರ್ಟ್, ಎರಡರಲ್ಲೂ ನನಗೆ ನಂಬಿಕೆ ಇರಲಿಲ್ಲ. ಕಂಡೆವೆಂದು ಹೇಳುವವರೇ ಹೆಚ್ಚು, ತೋರಿಸುವವರು ಕಡಿಮೆ ಎಂಬುದು ನನ್ನ ವಾದ. ಈಗ ಆ ವಾದ ಸ್ವಲ್ಪ ಸಡಿಲಾಗಿದೆ. ಯಾಕೆಂದು ಹೇಳುತ್ತೇನೆ.

ಬೆಟಗೇರಿಯಲ್ಲಿ ನಮ್ಮ ಮನೆಗೆ ಹತ್ತಿಕೊಂಡೇ ಒಂದು ಪಾನ್ ಅಂಗಡಿ ಇದೆ. ಎಲೆಗೆ ಹಚ್ಚಿ ಬೆರಳಲ್ಲಿ ಉಳಿದ ಸುಣ್ಣವನ್ನು ಗಿರಾಕಿಗಳು ನಮ್ಮ ಕೆಂಪು ಗೋಡೆಗೆ ಒರೆಸಿ ಹೋಗುತ್ತಾರೆ. ಬೈದು ಬೈದು ನಾನೇ ಸುಮ್ಮನಾಗಿದ್ದೆ. ಮಹಡಿಯಲ್ಲಿ ಬಾಡಿಗೆಗಿದ್ದ ಡ್ರಾಯಿಂಗ್ ಮಾಸ್ತರರು ಮಾತ್ರ ಅದರ ಮುಂದೆ ನಿಂತು, "ಇದು ಮಾಡರ್ನ್ ಆರ್ಟ್ ಐತ್ರಿ, ಅಳಿಸಬ್ಯಾಡ್ರಿ," ಎನ್ನುವರು.

ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಹಾಲು ತರಲು ಹೊರಟವನು ಗೋಡೆ ನೋಡಿ ನಿಂತುಬಿಟ್ಟೆ. ಬಿಳಿ ಗೀರುಗಳ ನಡುವೆ ಮುಂಡರಗಿಯ ನಮ್ಮ ಅತ್ತೆ ಕೂತಿದ್ದರು. ಅದೇ ಗದ್ದ, ನನ್ನನ್ನು ನಂಬದ ಅದೇ ನೋಟ. ಹೆಂಡತಿಯನ್ನು ಕರೆದೆ.

"ಅಯ್ಯ, ಅವ್ವ! ನಾಳಿ ಬರಾಕತ್ತಾಳ್ರೀ. ಊರ ಮಂದಿ ತನ್ನ ಮಾರಿಗೆ ಸುಣ್ಣ ಒರಸೂದು ನೋಡಿದ್ರ, ಮತ್ತ ಈ ಮನಿ ಹೊಸ್ತಿಲಾ ತುಳಿಯೂದಿಲ್ಲ."

ಸುಳ್ಳಲ್ಲ. ಹಿಂದೊಮ್ಮೆ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ವರ್ಷಗಟ್ಟಲೆ ಬರದಿದ್ದವರು ಅವರು. ತೆಂಗಿನ ನಾರು ಹಿಡಿದು ತಿಕ್ಕಿದೆ. ನೀರು ಬಿದ್ದಾಗ ಮುಖ ಮಾಯವಾಯಿತು. ಒಣಗಿದ ಮೇಲೆ ಆಗಷ್ಟೇ ಮಾರಿ ತೊಳೆದುಕೊಂಡವರಂತೆ ಮತ್ತೆ ಮೂಡಿತು. ಮಾಸ್ತರರು ಚಪ್ಪಾಳೆ ತಟ್ಟಿದರು.

ಮರುದಿನ ಅತ್ತೆ ಆಟೋ ಇಳಿದವರೇ ಗೋಡೆ ನೋಡಿದರು. ನಾನು ಅವರ ಚೀಲ ಎತ್ತಿಕೊಂಡು ಅದರ ಹಿಂದೆ ಮರೆಯಾದೆ. ಅವರು ಚಪ್ಪಲಿ ಬಿಟ್ಟು ಗೋಡೆಯ ಹತ್ತಿರ ಹೋದರು.

"ಅಳಿಯಾರ, ನಮ್ಮವ್ವನ ಚಿತ್ರಾ ಯಾರು ತಗದ್ರು?"

"ಇದು ನಿನ್ನಂಗ ಐತಲ್ಲಬೇ," ಎಂದಳು ಹೆಂಡತಿ.

"ನನ್ನ ಕಿವಿ ಹರದಾವೇನು? ಈ ಕಡೀ ಕಿವಿ ನೋಡು. ವಾಲಿ ಭಾರಕ್ಕ ಹರದಿತ್ತು. ಎಲಿ ಅಡಿಕಿ ಇಲ್ಲದ ಒಂದ್ ತಾಸು ಇರತಿರಲಿಲ್ಲ ಅಕಿ."

ಕಿವಿಯ ತುದಿ ಎರಡಾಗಿ ಸೀಳಿದ್ದು ನಮಗೆ ಆಗಷ್ಟೇ ಕಂಡದ್ದು. ಆ ಅಜ್ಜಿ ನನ್ನ ಹೆಂಡತಿ ಹುಟ್ಟುವ ಮೊದಲೇ ತೀರಿಕೊಂಡವರು. ಅವರದೊಂದು ಫೋಟೊ ಕೂಡ ಎಲ್ಲಿಯೂ ಇಲ್ಲ.

ಮಾಸ್ತರರು ತಾವು ಬೆರಳು ಸಹ ಮುಟ್ಟಿಸಿಲ್ಲವೆಂದು ಆಣೆ ಮಾಡಿದರು. ಬೆಳಕು, ತೇವ, ಕಣ್ಣಿನ ಭ್ರಮೆ, ಎಲ್ಲ ಹಚ್ಚಿ ನೋಡಿದ್ದೇನೆ. ಹರಿದ ಕಿವಿಗೆ ಮಾತ್ರ ಇಂದಿಗೂ ಉತ್ತರವಿಲ್ಲ.

ಎರಡು ದಿನಕ್ಕೆಂದು ಬಂದ ಅತ್ತೆ ವಾರ ನಿಂತರು, ಗೋಡೆಯ ಬದಿಗೇ ಕುರ್ಚಿ ಹಾಕಿಸಿಕೊಂಡು. ಸುಣ್ಣದ ಬೆರಳು ಎತ್ತಿಕೊಂಡು ಬಂದ ಗಿರಾಕಿಯೊಬ್ಬ ಅವರನ್ನು ಕಂಡು ಹಿಂದೆ ಸರಿದ.

"ಬಾರಪಾ, ಒರಸು," ಎಂದರು ಅತ್ತೆ. "ಮಾರಿಗೆ ಬ್ಯಾಡ. ಸೆರಗು ಇನ್ನಾ ಅರ್ಧಾ ಆಗೇತಿ ನೋಡು, ಅಲ್ಲಿ ಒರಸು."