ಸಣ್ಣಾವ ಗಾಳಿ ತಿನ್ನಬೇಕು

ಬೆಲ್ಜಿಯಂನ ಮೊದಲ ರೇಸಿನಲ್ಲಿ ನನ್ನನ್ನು ಅರ್ಧಕ್ಕೇ ಇಳಿಸಿದರು. ಊರಿನ ಸುತ್ತಲಿನ ಒಂದೇ ರಸ್ತೆಯಲ್ಲಿ ಮತ್ತೆ ಮತ್ತೆ ಸುತ್ತುವ ರೇಸ್ ಅದು. ಗುಂಪಿನಿಂದ ತೀರ ಹಿಂದೆ ಬಿದ್ದವನಿಗೆ ಅಧಿಕಾರಿಯೊಬ್ಬ ಬಾವುಟ ತೋರಿಸುತ್ತಾನೆ. ಸವಾರ ಪಕ್ಕಕ್ಕೆ ಸರಿದು, ಬೆನ್ನಿಗೆ ಚುಚ್ಚಿದ ನಂಬರ್ ಬಿಚ್ಚಿ ಕೊಟ್ಟು ಹೋಗಬೇಕು. ನಾನು ಕೊಟ್ಟೆ. ಎರಡನೆಯ ರೇಸಿನಲ್ಲೂ ಕೊಟ್ಟೆ. ಕಾಲಿನಲ್ಲಿ ಶಕ್ತಿ ಸಾಲಲಿಲ್ಲ ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಕಾರಣ ಬೇರೆ ಇತ್ತು. ಅದನ್ನು ಹೇಳಲು ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯಿಂದ ಶುರು ಮಾಡಬೇಕು.

ನಮ್ಮ ಮನೆ ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ. ರೇಸಿನ ಸೈಕಲ್ ಕಲಿತದ್ದು ಬಾಗಲಕೋಟೆಯಲ್ಲಿ. ವಾರಕ್ಕೊಮ್ಮೆ ಉದ್ದನೆಯ ಸವಾರಿ ಇರುತ್ತಿತ್ತು: ಬಾಗಲಕೋಟೆ ಬಿಟ್ಟು, ಅಮೀನಗಡ ದಾಟಿ ಹುನಗುಂದ, ಅಲ್ಲಿಂದ ಹೆದ್ದಾರಿ ಹಿಡಿದು ಇಳಕಲ್, ಮತ್ತೆ ವಾಪಸ್. ಹುನಗುಂದದವರೆಗೆ ಪಶ್ಚಿಮದ ಗಾಳಿ ಬೆನ್ನಿಗಿದ್ದು ತಾನೇ ದೂಡುತ್ತದೆ. ಅಲ್ಲಿ ದಕ್ಷಿಣಕ್ಕೆ ತಿರುಗಿದೊಡನೆ ಅದೇ ಗಾಳಿ ಬಲಗಡೆಯಿಂದ ಬಡಿಯುತ್ತದೆ. ಎರಡೂ ಕಡೆ ಕಪ್ಪು ಮಣ್ಣಿನ ಎರಿಹೊಲ, ತಡೆಯಲು ಏನೂ ಇಲ್ಲ. ಆಷಾಢದಲ್ಲಿ ಸೈಕಲ್ಲನ್ನು ಓರೆ ಮಾಡಿಕೊಂಡೇ ಹೋಗಬೇಕು. ಗ್ರಾನೈಟ್ ಹೇರಿದ ಲಾರಿ ಪಕ್ಕದಲ್ಲಿ ಹಾದರೆ ಒಂದು ಕ್ಷಣ ಗಾಳಿ ನಿಲ್ಲುತ್ತದೆ. ಲಾರಿ ಮುಂದೆ ಹೋದಮೇಲೆ ಬೀಳುವ ಹೊಡೆತಕ್ಕೆ ಹೊಸಬರು ರಸ್ತೆ ಬಿಟ್ಟು ಕೆಳಗಿಳಿಯುತ್ತಾರೆ.

ಆ ರಸ್ತೆಗೆ ನಮ್ಮಲ್ಲಿ ಒಂದು ರೂಢಿ ಇದೆ. ಗುಂಪಿನಲ್ಲಿ ಸಣ್ಣವನು ಗಾಳಿಯ ಕಡೆ ಇರಬೇಕು, ಹಿರಿಯರು ಅವನ ಆಸರೆಯಲ್ಲಿ. ಗುಂಪನ್ನು ನಡೆಸುತ್ತಿದ್ದವರು ಹುನಗುಂದದ ಒಬ್ಬ ಬಸ್ ಮೆಕ್ಯಾನಿಕ್. ತಮ್ಮ ಕಾಲದಲ್ಲಿ ಒಳ್ಳೆಯ ಸವಾರ. ಎಲ್ಲರಿಗೂ ಅವರು ಅಣ್ಣ. ನನ್ನ ಮೊದಲ ದಿನ ಹುನಗುಂದ ದಾಟಿದ ಕೂಡಲೇ ಕೂಗಿದರು.

‘ಲೇ ಚೊಳಚಗುಡ್ಡ, ಬಲಕ್ಕ ಬಾ. ಸಣ್ಣಾವ ಗಾಳಿ ತಿನ್ನಬೇಕು.’

‘ಎಲ್ಲಿತನಕ ತಿನ್ಲಿ ಅಣ್ಣ?’

‘ಇಳಕಲ್ ಬರೂತನಕ. ಹೊಟ್ಟಿ ತುಂಬಲಿಲ್ಲಂದ್ರ ಹೊಳ್ಳಿ ಬರೂವಾಗನೂ ಐತಿ.’

ಹೊಟ್ಟೆ ತುಂಬ ತಿಂದೆ. ಅದರಿಂದ ನನಗೆ ನಷ್ಟವಾಗಲಿಲ್ಲ. ಬೇರೆಯವರು ಗಾಳಿ ಕಂಡರೆ ತಲೆ ತಗ್ಗಿಸಿ ಅಡಗುವಾಗ ನಾನು ಅದರಲ್ಲೇ ಬೆಳೆದೆ. ಆಮೇಲೆ ದೇಶದ ದೊಡ್ಡ ರೇಸೊಂದರಲ್ಲಿ ಒಬ್ಬನೇ ಎದುರುಗಾಳಿಯಲ್ಲಿ ಹೋಗಿ ಗೆದ್ದೆ. ಅದರ ವಿಡಿಯೊ ನೋಡಿದ ಬೆಲ್ಜಿಯಂನ ಸಣ್ಣ ಕ್ಲಬ್ಬೊಂದು ಒಂದು ಬೇಸಿಗೆಗೆ ಕರೆಯಿತು.

ಕ್ಲಬ್ಬಿನ ಯಜಮಾನರು ಗೋಡೆ ಕಟ್ಟುವ ಕೆಲಸದಿಂದ ನಿವೃತ್ತರಾದವರು. ತಮ್ಮ ಮನೆಯ ಮೇಲಿನ ಖೋಲಿಯನ್ನು ಹೊರಗಿನಿಂದ ಬಂದ ಸವಾರರಿಗೆ ಬಿಟ್ಟಿದ್ದರು. ನನ್ನ ಜೊತೆ ಇದ್ದವನು ನ್ಯೂಜಿಲೆಂಡಿನ ಹುಡುಗ, ನನ್ನದೇ ವಯಸ್ಸು. ಮೂವರೂ ಹರಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಅವರ ಮಾತು ನನ್ನ ನೆನಪಿನಲ್ಲಿ ಉಳಿದಿರುವುದು ನಮ್ಮ ಮಾತಾಗಿಯೇ; ಹಾಗೇ ಬರೆಯುತ್ತೇನೆ.

ಬಂದ ದಿನವೇ ಯಜಮಾನರು ಷರತ್ತು ಹೇಳಿದರು. ‘ಮೊದಲನೇ ತಿಂಗಳದಾಗ ಒಂದರ ರೇಸ್ ಗುಂಪಿನ ಜೋಡಿ ಮುಗಿಸು. ಮುಗಿಸಿದರ ಬ್ಯಾಸಗಿ ಮುಗಿಯೂತನಕ ಖೋಲಿ ನಿಂದು. ಇಲ್ಲಂದ್ರ ಬ್ಯಾರೆ ಹುಡುಗ ಕಾಯಾಕತ್ತಾನ, ನೀ ಊರಿಗೆ ಹೋಗು.’ ಮಾತಿನಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ನನಗೂ ಭಯವಾಗಲಿಲ್ಲ.

ಮನೆಯ ದಿನಚರಿ ಬೇಗ ರೂಢಿಯಾಯಿತು. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಆಲೂಗಡ್ಡೆ; ಎರಡಕ್ಕೂ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ. ರೇಸಿನ ನಡುವೆ ತಿನ್ನಲು ಅಮೀನಗಡದ ಕರದಂಟು ಒಯ್ದಿದ್ದೆ. ಬೆಲ್ಲ, ಅಂಟು, ಗೋಡಂಬಿ ಇರುವ ಆ ಸಿಹಿ ನಮ್ಮ ಬಿಸಿಲಿನಲ್ಲಿ ಜೇಬಿನಲ್ಲೇ ಮೆತ್ತಗಾಗುತ್ತದೆ. ಅಲ್ಲಿ ಜೂನ್ ತಿಂಗಳಲ್ಲೂ ಚಳಿಮಳೆ, ಕರದಂಟು ಕಲ್ಲಾಯಿತು. ನ್ಯೂಜಿಲೆಂಡಿನವನು ಒಂದು ತುಂಡನ್ನು ಮೇಜಿಗೆ ಕುಟ್ಟಿ ನೋಡಿದ. ‘ಇದು ತಿನ್ನೂದೋ, ಬ್ರೇಕಿಗೆ ಹಾಕೂದೋ?’ ಎಂದ. ಒಲೆಯ ಪಕ್ಕ ಇಟ್ಟು ಮೆತ್ತಗಾದಮೇಲೆ ಡಬ್ಬಿಯ ಅರ್ಧ ಅವನೇ ಮುಗಿಸಿದ.

ಇನ್ನು ರೇಸಿನ ವಿಷಯ. ಅಡ್ಡಗಾಳಿ ಬಂದಾಗ ಅಲ್ಲಿಯ ಸವಾರರು ರಸ್ತೆಯ ಅಗಲಕ್ಕೆ ಓರೆಯಾದ ಸಾಲು ಕಟ್ಟುತ್ತಾರೆ. ಮುಂದಿನವನು ಸ್ವಲ್ಪ ಹೊತ್ತು ಗಾಳಿ ತಡೆದು, ‘ಇನ್ನು ನೀನು ಬಾ’ ಎಂಬಂತೆ ಮೊಣಕೈ ಅಲುಗಿಸಿ ಸರಿಯುತ್ತಾನೆ. ಮುಂದಿನ ಸರದಿ ಇನ್ನೊಬ್ಬನದು. ಸಾಲು ರಸ್ತೆಯಷ್ಟೇ ಅಗಲ. ಅದರಲ್ಲಿ ಜಾಗ ಸಿಗದವನು ಅಂಚಿನಲ್ಲಿ ಆಸರೆಯಿಲ್ಲದೆ ತುಳಿದು ತುಳಿದು ಹಿಂದೆ ಬೀಳುತ್ತಾನೆ.

ಸಾಲಿನಲ್ಲಿ ನನಗೆ ಜಾಗ ಸಿಗುತ್ತಿತ್ತು. ನಾನೇ ಬಿಟ್ಟುಕೊಡುತ್ತಿದ್ದೆ. ಆ ರೇಸುಗಳಲ್ಲಿ ಎಲ್ಲ ವಯಸ್ಸಿನವರೂ ಇರುತ್ತಾರೆ. ಬಿಳಿ ಗಡ್ಡದ ಒಬ್ಬನಿದ್ದ, ನಮ್ಮ ಶಾಲೆಯ ಮಾಸ್ತರರ ವಯಸ್ಸು. ಅವನು ಭುಜ ತಂದಾಗಲೆಲ್ಲ ನನ್ನ ಕೈ ತಾನಾಗಿ ಹ್ಯಾಂಡಲ್ ಬಿಟ್ಟು ‘ಬರ್ರಿ’ ಎನ್ನುವಂತೆ ಒಳಗಿನ ಜಾಗ ತೋರಿಸುತ್ತಿತ್ತು. ಅವನು ಒಳಗೆ, ನಾನು ಗಾಳಿಗೆ. ಅವನ ಹಿಂದಿನವರೂ ಒಳಗೆ, ನಾನು ಗಾಳಿಯಲ್ಲೇ. ಎರಡೂ ರೇಸಿನಲ್ಲಿ ಹೀಗೇ ಆಯಿತು.

ಎರಡನೆಯ ರೇಸ್ ಮುಗಿಸಿ ಬಂದಾಗ ಯಜಮಾನರು ಅಡುಗೆಮನೆಯಲ್ಲಿ ಕೂರಿಸಿ ಕೇಳಿದರು.

‘ಆ ಗಡ್ಡದಾವ ನಿನ್ನ ಸೋದರಮಾವ ಏನು?’

‘ಅಲ್ರಿ.’

‘ಮತ್ತ ಅವಗ ಯಾಕ ಜಾಗ ಬಿಟ್ಟಿ?’

‘ಹಿರ್ಯಾರ ಅದಾರಲ್ರಿ.’

ಯಜಮಾನರು ನ್ಯೂಜಿಲೆಂಡಿನವನ ಕಡೆ ತಿರುಗಿದರು. ‘ಕೇಳಿದೇನು? ಹಿರ್ಯಾರಂತ! ಆ ಹಿರ್ಯಾ ಇವನ ಆಸರಕ್ಕ ಕುಂತು ಅರ್ಧಾ ರೇಸ್ ನಿದ್ದಿ ಮಾಡ್ಯಾನ. ಎದ್ದು ಬಹುಮಾನ ತಗೊಂಡು ಹೋಗ್ಯಾನ.’ ಆಮೇಲೆ ನನಗೆ ಹೇಳಿದರು: ‘ನಿನ್ನ ಕಾಲು ಛಲೋ ಅದಾವ. ನೀ ಎಲ್ಲಾರಿಗೂ ಗ್ವಾಡಿ ಆಗಿ ನಿಂದರತಿ. ಗ್ವಾಡಿ ಕಟ್ಟೂದು ನನ್ನ ಕೆಲಸ ಇತ್ತು, ನಿಂದಲ್ಲ. ಈ ತಿಂಗಳದಾಗ ಇನ್ನೊಂದ ರೇಸ್ ಉಳದೈತಿ.’

ಮಾತು ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ಅಣ್ಣನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರ ರೂಢಿಯನ್ನೇ ಮುರಿಯಲು ಅವರಿಂದಲೇ ಒಪ್ಪಿಗೆ ಬೇಕಾಗಿತ್ತು.

‘ನಿನ್ನ ಅಲ್ಲಿ ರೇಸಿಗೆ ಕಳಿಸೇವೋ, ಬೀಗರ ಮನಿ ಮದವಿಗೆ ಕಳಿಸೇವೋ?’ ಎಂದರು. ‘ನಾ ನಿನಗ ಗಾಳಿ ತಿನ್ನಿಸಿದ್ದು ಗಟ್ಟಿ ಆಗಲಿ ಅಂತ, ಮಂದಿಗೆ ಛತ್ರಿ ಹಿಡೀಲಿ ಅಂತಲ್ಲ.’

‘ಹಿರಿಯಾವ ಅಣ್ಣ ಅಂವ. ಹ್ಯಾಂಗ ಭುಜ ಕೊಡ್ಲಿ?’

‘ಕೊಡು. ನಮಸ್ಕಾರ ಗೆರಿ ದಾಟಿದ ಮ್ಯಾಲ ಮಾಡು.’

ಮೂರನೆಯ ರೇಸಿನ ದಿನ ಮಳೆ ಇರಲಿಲ್ಲ, ಗಾಳಿ ಇತ್ತು. ರಸ್ತೆ ಊರು ಬಿಟ್ಟು ಆಲೂಗಡ್ಡೆಯ ಹೊಲಗಳ ನಡುವೆ ತಿರುಗುತ್ತಲೇ ಗಾಳಿ ಪಕ್ಕದಿಂದ ಬಂತು, ಥೇಟ್ ಹುನಗುಂದದ ತಿರುವಿನ ಹಾಗೆ. ಸಾಲು ಕಟ್ಟಿತು. ನಾನು ಒಳಗಿದ್ದೆ. ಬಿಳಿ ಗಡ್ಡದವನು ಪಕ್ಕಕ್ಕೆ ಬಂದು ಭುಜ ತಾಗಿಸಿದ. ನನ್ನ ಕೈ ಏಳಲು ಹವಣಿಸಿತು. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದೆ. ಅವನು ಮತ್ತೊಮ್ಮೆ ಒತ್ತಿದ. ನಾನೂ ಅಷ್ಟೇ ಒತ್ತಿದೆ. ಅವನ ಭಾಷೆಯಲ್ಲಿ ಏನೋ ಅಂದ. ಶಬ್ದ ತಿಳಿಯಲಿಲ್ಲ, ಅರ್ಥ ತಿಳಿಯಿತು. ಆಮೇಲೆ ನನ್ನ ಹಿಂದೆ ಹೋಗಿ ಜಾಗ ಹಿಡಿದ. ಅಲ್ಲಿಯೂ ಜಾಗ ಇತ್ತು.

ಮುಂದೆ ಹೋಗುವ ಸರದಿ ಬಂದಾಗ ಹೋದೆ. ಗಾಳಿ ತಡೆಯುವುದು ನನಗೆ ಹೊಸದಲ್ಲ. ಹೊಸದಾಗಿದ್ದು ಮೊಣಕೈ ಅಲುಗಿಸಿ ಅಲ್ಲಿಂದ ಸರಿಯುವುದು. ಸರಿದೆ. ಮುಂದೆ ಬಂದವನು ಬಿಳಿ ಗಡ್ಡದವನೇ. ನನಗಿಂತ ಹಿರಿಯನೊಬ್ಬನ ಆಸರೆಯಲ್ಲಿ ಜೀವನದಲ್ಲಿ ಮೊದಲ ಸಲ ಸೈಕಲ್ ತುಳಿದೆ. ಅಲ್ಲಿ ಎಷ್ಟು ಸದ್ದಿಲ್ಲವೆಂದರೆ, ಪಕ್ಕದವರ ಚೈನಿನ ಸಪ್ಪಳ ಕೇಳಿಸುತ್ತಿತ್ತು.

ಬಾವುಟ ಹಿಡಿದ ಅಧಿಕಾರಿಯ ಮುಂದೆ ಪ್ರತಿ ಸುತ್ತಿನಲ್ಲೂ ಹಾದುಹೋದೆವು. ಅವನು ನನ್ನ ಕಡೆ ನೋಡಲಿಲ್ಲ. ಕೊನೆಯಲ್ಲಿ ಗುಂಪಿನ ನಡುವೆ ಗೆರೆ ದಾಟಿದೆ. ನಂಬರ್ ಬೆನ್ನಿನ ಮೇಲೇ ಇತ್ತು. ಬಿಳಿ ಗಡ್ಡದವನು ಕಾಲು ಊರಿ ನೀರು ಕುಡಿಯುತ್ತಿದ್ದ. ಹತ್ತಿರ ಹೋಗಿ ಎರಡೂ ಕೈ ಜೋಡಿಸಿದೆ. ಅವನು ಬಾಟಲಿ ಕೆಳಗಿಟ್ಟು, ಹೆಲ್ಮೆಟ್ ತೆಗೆದು, ನನ್ನ ಹಾಗೆಯೇ ಕೈ ಜೋಡಿಸಿ ತಲೆ ಬಾಗಿಸಿದ. ‘ಇವತ್ತ ಯಾಕೋ ಜಾಗ ಕೊಡಲಿಲ್ಲ’ ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿ ನಕ್ಕ. ಯಜಮಾನರು ದೂರದಿಂದಲೇ ಮನೆಯ ಕಡೆ ಕೈ ತೋರಿಸಿದರು. ಖೋಲಿ ನನ್ನದಾಗಿತ್ತು.

ಆ ಬೇಸಿಗೆಯಲ್ಲಿ ಆಮೇಲೆ ಯಾವ ರೇಸಿನಲ್ಲೂ ನನ್ನನ್ನು ಇಳಿಸಲಿಲ್ಲ. ಶ್ರಾವಣ ಮುಗಿಯುವ ಹೊತ್ತಿಗೆ ಊರಿಗೆ ಬಂದೆ. ಅವ್ವ ಕೊಟ್ಟ ಡಬ್ಬಿಗಳನ್ನು ಖಾಲಿಯಾಗಿ ವಾಪಸ್ ತಂದಿದ್ದೆ. ಅದೊಂದಕ್ಕೇ ಅವಳು ಖುಷಿಪಟ್ಟಳು. ಮೊದಲ ವಾರದ ಸವಾರಿಗೆ ಹುನಗುಂದದಲ್ಲಿ ಅಣ್ಣ ಕೂಡಿಕೊಂಡರು. ಹೆದ್ದಾರಿಗೆ ತಿರುಗಿದೊಡನೆ ಗಾಳಿ ಬಡಿಯಿತು. ಯಾರೂ ಹೇಳದೆ ನಾನು ಬಲಕ್ಕೆ ಹೋದೆ. ಸ್ವಲ್ಪ ದೂರ ಹಾಗೇ ತುಳಿದು, ಅಲ್ಲಿ ಕಲಿತಂತೆ ಮೊಣಕೈ ಅಲುಗಿಸಿದೆ.

ಅಣ್ಣ ಅದನ್ನು ನೋಡಿದರು. ಅರ್ಥವೂ ಆಯಿತು, ನಾನೇ ಫೋನಿನಲ್ಲಿ ವಿವರಿಸಿದ್ದೆ. ಆದರೂ ಕದಲಲಿಲ್ಲ.

‘ಇನ್ನಾ ಇಳಕಲ್ ಬಂದಿಲ್ಲಲೇ’ ಎಂದರು.